ಹನ್ನೊಂದರಿಂದ ಮೊದಲಾದ ಕಥೆ

ಎಣಿಕೆ ಒಂದರಿಂದ ಮೊದಲಾಗುತ್ತದೆಂಬುದು ಶಾಲೆಯ ಮೆಟ್ಟಿಲು ಹತ್ತಿದ ಮೊದಲ ದಿನವೇ ಮಕ್ಕಳು ಕಲಿಯುವ ಪಾಠ. ಆದರೆ ಇಂಗ್ಲಿಷಿನ ‘ಅಮರ ಚಿತ್ರಕಥೆ’ಯ ಹಳೆಯ ಪುಸ್ತಕಗಳನ್ನು ಜೋಪಾನವಾಗಿ ಕೂಡಿಟ್ಟ ಮನೆಗಳಲ್ಲಿ ಈ ಪಾಠ ಸುಳ್ಳಾಗುತ್ತದೆ. ಅಲ್ಲಿ ಮೊದಲ ಪುಸ್ತಕ ಶ್ರೀಕೃಷ್ಣನದು. ಅದರ ಮೇಲಿನ ಸಂಖ್ಯೆ ಮಾತ್ರ 11. ಹಿಂದಿನ ಹತ್ತು ಎಲ್ಲಿ ಹೋದುವು ಎಂದು ಕೇಳದ ಮಗುವಿಲ್ಲ. ಸರಿಯಾದ ಉತ್ತರ ಹೇಳಬಲ್ಲ ಹಿರಿಯರು ಮಾತ್ರ ವಿರಳ. ಆ ಹತ್ತು ಪುಸ್ತಕಗಳು ಕಳೆದುಹೋದುವಲ್ಲ. ಅವು ಕನ್ನಡದಲ್ಲಿದ್ದುವು. ಭಾರತದ ಮನೆಮನೆಗೂ ನುಗ್ಗಿದ ಒಂದು ಮಹಾಸಾಹಸದ ಮೊದಲ ಹೆಜ್ಜೆ ಬಿದ್ದದ್ದು ಬೆಂಗಳೂರಿನಲ್ಲಿ. ಅದನ್ನು ಮುಂದಕ್ಕೆ ನಡೆಸಿದವರು ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈಯವರು.

ಚಿತ್ರಗಳಲ್ಲಿ ಕಥೆ ಹೇಳುವುದು ಪರದೇಶದಿಂದ ಹಡಗೇರಿ ಬಂದ ವಿದ್ಯೆಯೆಂದು ಭಾವಿಸುವವರುಂಟು. ಅಂಥವರು ತುಮಕೂರಿನ ಉತ್ತರಕ್ಕೆ ಹಬ್ಬಿದ ಬಯಲುಸೀಮೆಯನ್ನು ಒಮ್ಮೆ ಸುತ್ತಿಬರಬೇಕು. ಮಧುಗಿರಿಯ ಏಕಶಿಲಾ ಬೆಟ್ಟ, ಕೊರಟಗೆರೆಯ ಸಿದ್ಧರ ಬೆಟ್ಟ, ಶಿರಾದ ಕೋಟೆ ಮತ್ತು ಮಲಿಕ್ ರೆಹಾನನ ಗೋರಿ, ಬಂಡೆಗಳ ನಡುವೆ ಬಿಸಿಲು ಕಾಯುವ ಪಾವಗಡ—ಇವೆಲ್ಲ ಮಳೆಗಾಗಿ ಆಕಾಶ ನೋಡಿ ಬದುಕಿದ ನೆಲ. ಇಂಥ ಸೀಮೆಗಳಲ್ಲಿ ಮಳೆ ತಪ್ಪಿದ ವರ್ಷ ಊರವರು ತೊಗಲುಬೊಂಬೆಯಾಟವನ್ನು ಆಡಿಸುತ್ತಿದ್ದರು. ರಾಮಾಯಣವನ್ನೋ ಭಾರತವನ್ನೋ ಆಡಿಸಿದರೆ ಮೋಡ ಕಟ್ಟುವುದೆಂಬ ನಂಬಿಕೆ. ಹದಮಾಡಿ ತೆಳುವಾಗಿಸಿದ ಚರ್ಮಕ್ಕೆ ಬಣ್ಣವೇರಿಸಿ, ಬಿಳಿಯ ಪರದೆಯ ಹಿಂದೆ ದೀಪವಿಟ್ಟು, ಬೊಂಬೆಯಾಡಿಸುವವನು ಇರುಳೆಲ್ಲ ಕಥೆ ಹೇಳುತ್ತಿದ್ದ. ಕನ್ನಡನಾಡಿನ ತೊಗಲುಬೊಂಬೆಗಳಲ್ಲಿ ಒಂದು ವಿಶೇಷವುಂಟು: ಒಬ್ಬ ವ್ಯಕ್ತಿಯ ಬೊಂಬೆಯಷ್ಟೇ ಅಲ್ಲದೆ, ಒಂದು ಇಡೀ ಸನ್ನಿವೇಶವನ್ನೇ ಒಂದೇ ತೊಗಲಿನಲ್ಲಿ ಕತ್ತರಿಸಿ ನಿಲ್ಲಿಸುವ ಪದ್ಧತಿ. ರಥ, ಸಾರಥಿ, ಯೋಧ ಎಲ್ಲವೂ ಒಂದೇ ಚೌಕಟ್ಟಿನೊಳಗೆ! ಇಂದಿನ ಚಿತ್ರಕಥೆಯ ಒಂದು ಚೌಕಕ್ಕೂ ಇದಕ್ಕೂ ಏನು ಅಂತರ?

ಪಾವಗಡ, ಮಧುಗಿರಿಗಳ ಗಡಿ ದಾಟಿ ಹಿಂದೂಪುರದ ಕಡೆಗೆ ಹೋದರೆ ಲೇಪಾಕ್ಷಿಯ ವೀರಭದ್ರ ದೇವಾಲಯ ಸಿಗುತ್ತದೆ. ವಿಜಯನಗರದ ಅರಸರ ಕಾಲದಲ್ಲಿ, 16ನೆಯ ಶತಮಾನದಲ್ಲಿ, ಅಲ್ಲಿಯ ಮಂಟಪದ ಮೇಲ್ಛಾವಣಿಯಲ್ಲಿ ಕಿರಾತಾರ್ಜುನೀಯದ ಕಥೆಯನ್ನೂ, ಕರುವನ್ನು ಕೊಂದ ಮಗನಿಗೆ ದಂಡನೆ ವಿಧಿಸಿದ ಚೋಳರಾಜನ ಕಥೆಯನ್ನೂ ಸಾಲುಸಾಲಾಗಿ ಚಿತ್ರಿಸಿದ್ದಾರೆ. ಕತ್ತೆತ್ತಿ ನಡೆಯುತ್ತ ಹೋದಂತೆ ಕಥೆಯೂ ಮುಂದೆ ನಡೆಯುತ್ತದೆ. ಅಕ್ಷರ ಬಾರದ ಭಕ್ತನಿಗೂ ಅದು ಓದಲು ಬರುತ್ತಿದ್ದ ಪುಸ್ತಕ. ಆದ್ದರಿಂದ ಚಿತ್ರಕಥೆ ನಮಗೆ ಹೊಸದಲ್ಲ. ಹೊಸದಾದದ್ದು ಕಾಗದ, ಮುದ್ರಣ ಮತ್ತು ಅಗ್ಗದ ಬೆಲೆ.

ಈ ಹೊಸ ಸಲಕರಣೆಗಳನ್ನು ಹಿಡಿದು ಕಥೆ ಹೇಳಹೊರಟವರಲ್ಲಿ ಜಗತ್ತು ಅಗ್ರಪಂಕ್ತಿಯಲ್ಲಿ ಎಣಿಸುವುದು ಜಪಾನಿನವರನ್ನು. ಅಲ್ಲಿ ಚಿತ್ರಕಥೆಗೆ ‘ಮಾಂಗಾ’ ಎಂದು ಹೆಸರು. ಆ ಕಲೆಯ ಪಿತಾಮಹನೆನಿಸಿದ ಒಸಾಮು ತೆಜುಕಾ ಹುಟ್ಟಿದ್ದು 1928ರಲ್ಲಿ. ವೈದ್ಯಶಾಸ್ತ್ರ ಓದಿ ವೈದ್ಯನಾಗುವ ಅರ್ಹತೆ ಪಡೆದೂ ಆತ ಲೇಖನಿ ಕುಂಚಗಳನ್ನು ಬಿಡಲಿಲ್ಲ. ಯುದ್ಧದಲ್ಲಿ ಸೋತು ಬೂದಿಯಾಗಿದ್ದ ದೇಶದ ಮಕ್ಕಳ ಕೈಗೆ, 1952ರಿಂದ, ಮನುಷ್ಯರಿಗಿಂತ ಕರುಣಾಳುವಾದ ಯಂತ್ರಬಾಲಕನೊಬ್ಬನ ಕಥೆಯನ್ನಿತ್ತ. 1972ರಿಂದ 1983ರವರೆಗೆ ನಮ್ಮ ಗೌತಮ ಬುದ್ಧನ ಜೀವನವನ್ನೇ ಸಾವಿರಾರು ಪುಟಗಳಲ್ಲಿ ಚಿತ್ರಿಸಿದ. ತೆಜುಕಾ ಹುಟ್ಟಿದ ಮರುವರ್ಷ, 1929ರ ಸೆಪ್ಟೆಂಬರ್ 17ರಂದು, ಪಶ್ಚಿಮಘಟ್ಟದ ಬುಡದಲ್ಲಿರುವ ಕಾರ್ಕಳದಲ್ಲಿ ಅನಂತ ಪೈಯವರು ಜನಿಸಿದರು. ಅವರೂ ಓದಿದ್ದು ವಿಜ್ಞಾನವನ್ನೇ, ಬಾಳಿದ್ದು ಕಥೆಯಲ್ಲೇ. ಒಂದು ವ್ಯತ್ಯಾಸ ಮಾತ್ರ ದೊಡ್ಡದು: ತೆಜುಕಾ ತಾನೇ ಚಿತ್ರ ಬರೆದ, ಪೈಯವರು ಬರೆಸಿದರು.

ಪೈಯವರ ಬಾಲ್ಯವನ್ನು ನೆನೆದರೆ ಮನಸ್ಸು ಆರ್ದ್ರವಾಗುತ್ತದೆ. ಎರಡು ವರ್ಷ ತುಂಬುವ ವೇಳೆಗೆ ತಂದೆ ವೆಂಕಟರಾಯರನ್ನೂ ತಾಯಿ ಸುಶೀಲೆಯವರನ್ನೂ ಕಳೆದುಕೊಂಡ ಮಗು ಅದು. ತಾಯಿಯ ಮುಖದ ನೆನಪೂ ಉಳಿಯಲಾರದ ವಯಸ್ಸು. ಬಂಧುಗಳ ಆಶ್ರಯದಲ್ಲಿ ಬೆಳೆದು, 12ನೆಯ ವಯಸ್ಸಿನಲ್ಲಿ ಮುಂಬಯಿ ಸೇರಿ, ಮಾಹಿಮ್‌ನ ಓರಿಯೆಂಟ್ ಶಾಲೆಯಲ್ಲಿ ಓದು ಮುಂದುವರಿಸಿದರು. ಕರಾವಳಿಯ ಹುಡುಗನೊಬ್ಬ ಮಹಾನಗರದ ಜನಜಂಗುಳಿಯಲ್ಲಿ ಕರಗಿಹೋಗುವುದು ಎಷ್ಟು ಸುಲಭ! ಆದರೆ ಊರನ್ನು ಬಿಟ್ಟವನಿಗೆ ಊರಿನ ಕಥೆಗಳೇ ಗಂಟು ಮೂಟೆ. ತಂದೆತಾಯಿಗಳ ಬಾಯಿಂದ ಕಥೆ ಕೇಳುವ ಭಾಗ್ಯ ಯಾರಿಗೆ ತಪ್ಪಿತ್ತೋ ಅವರೇ ಮುಂದೆ ಕೋಟ್ಯಂತರ ಮಕ್ಕಳಿಗೆ ಕಥೆ ಹೇಳಲು ನಿಂತರೆಂಬುದು ಬರಿಯ ಆಕಸ್ಮಿಕವೆಂದು ತೋರುವುದಿಲ್ಲ.

ಮುಂಬಯಿ ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ರಾಸಾಯನಿಕ ತಂತ್ರಜ್ಞಾನಗಳನ್ನು ಅಭ್ಯಸಿಸಿದ ತರುಣನಿಗೆ ಕಾರ್ಖಾನೆಯ ಉದ್ಯೋಗ ಕಾದಿತ್ತು. ಮನೆಯ ಹಿರಿಯರು ಮೆಚ್ಚುವ ದಾರಿಯೂ ಅದೇ. ಅದನ್ನು ಬಿಟ್ಟು ಅವರು 1954ರಲ್ಲಿ ‘ಮಾನವ್’ ಎಂಬ ಮಕ್ಕಳ ಪತ್ರಿಕೆಯನ್ನು ಹೊರಡಿಸಿದರು. ಪತ್ರಿಕೆ ಬಾಳಲಿಲ್ಲ. ಸೋಲು ಕೈ ಸುಟ್ಟಿತೇ ಹೊರತು ಹುಚ್ಚನ್ನು ಬಿಡಿಸಲಿಲ್ಲ. ಟೈಮ್ಸ್ ಆಫ್ ಇಂಡಿಯಾದ ಪ್ರಕಟಣ ವಿಭಾಗವನ್ನು ಸೇರಿದ ಪೈಯವರು 1964ರ ಮಾರ್ಚಿಯಲ್ಲಿ ‘ಇಂದ್ರಜಾಲ್ ಕಾಮಿಕ್ಸ್’ ಹೊರಬಂದಾಗ ಅದರ ಸೂತ್ರಧಾರರಲ್ಲೊಬ್ಬರಾಗಿದ್ದರು. ಅಮೆರಿಕದ ಲೀ ಫಾಕ್ ಸೃಷ್ಟಿಸಿದ ‘ಫ್ಯಾಂಟಮ್’, ಮುಸುಕು ತೊಟ್ಟ ಆ ಕಾಡಿನ ವೀರ, ಭಾರತದ ಹುಡುಗರ ಆಪ್ತನಾದ. ಪುಸ್ತಕಗಳು ಬಿಸಿ ದೋಸೆಯಂತೆ ಖರ್ಚಾದುವು. ಮಕ್ಕಳಿಗೆ ಚಿತ್ರಕಥೆ ಬೇಕು, ಬೇಕೇಬೇಕು ಎಂಬುದು ಆಗಲೇ ಸ್ಥಿರಪಟ್ಟಿತು. ಉಳಿದ ಪ್ರಶ್ನೆ ಒಂದೇ: ಯಾರ ಕಥೆ?

ಆ ಪ್ರಶ್ನೆ ಮುಂಬಯಿಯಲ್ಲಿ ಏಳುತ್ತಿದ್ದಂತೆ ಇತ್ತ ಬೆಂಗಳೂರಿನಲ್ಲಿ ಇನ್ನೊಂದು ಕೆಲಸ ನಡೆದಿತ್ತು. 1965ರಲ್ಲಿ ಇಂಡಿಯಾ ಬುಕ್ ಹೌಸ್ ಸಂಸ್ಥೆಗಾಗಿ ಪುಸ್ತಕ ಮಾರಾಟದಲ್ಲಿ ತೊಡಗಿದ್ದ ಜಿ. ಕೆ. ಅನಂತರಾಂ ಎಂಬ ಉತ್ಸಾಹಿಗಳು, ಮಕ್ಕಳ ಚಿತ್ರಕಥೆಗಳನ್ನು ಕನ್ನಡದಲ್ಲಿ ತರಬೇಕೆಂದು ಸಂಸ್ಥೆಯವರನ್ನು ಒಪ್ಪಿಸಿದರು. ಹೀಗೆ ಹೊರಬಂದುವು ಮೊದಲ ಹತ್ತು ಪುಸ್ತಕಗಳು—ಸಿಂಡರೆಲ್ಲಾ, ಹಿಮಕನ್ಯೆ, ಅಲ್ಲಾದೀನ ಮುಂತಾದ ಹೊರನಾಡಿನ ಕಥೆಗಳು, ಅಚ್ಚ ಕನ್ನಡದಲ್ಲಿ. ಕನ್ನಡದ ಮಕ್ಕಳು ಅವನ್ನು ಆದರದಿಂದ ಬರಮಾಡಿಕೊಂಡರು. 1947ರಲ್ಲಿ ತೆಲುಗು ತಮಿಳುಗಳಲ್ಲಿ ಹುಟ್ಟಿ, ಕನ್ನಡಕ್ಕೂ ಬಂದಿದ್ದ ‘ಚಂದಮಾಮ’ ಈ ಮಕ್ಕಳ ಕಣ್ಣನ್ನು ಆಗಲೇ ಚಿತ್ರಗಳಿಗೆ ಪಳಗಿಸಿತ್ತಷ್ಟೆ. ಬೆಂಗಳೂರಿನ ಈ ಯಶಸ್ಸು ಮುಂಬಯಿಯ ಪ್ರಕಾಶಕ ಮೀರ್‌ಚಂದಾನಿಯವರಿಗೆ ಧೈರ್ಯ ತಂದಿತು. ಇಂಗ್ಲಿಷಿನಲ್ಲಿ ಮಾಲೆಯನ್ನು ಮುಂದುವರಿಸುವ ಹೊಣೆ ಅನಂತ ಪೈಯವರ ಪಾಲಿಗೆ ಬಂದಿತು. ಹನ್ನೊಂದರ ರಹಸ್ಯ ಇಷ್ಟೆ.

ಇದರಲ್ಲೊಂದು ಸೋಜಿಗವಿದೆ. ಪರದೇಶದ ಸಿಂಡರೆಲ್ಲಾ ಕನ್ನಡದಲ್ಲಿ ಮಾತನಾಡಿದಳು. ನಮ್ಮ ಗೋಕುಲದ ಕೃಷ್ಣ ಇಂಗ್ಲಿಷಿನಲ್ಲಿ ಮಾತನಾಡಿದ! ಭಾಷೆ ಉಳಿದಲ್ಲಿ ಕಥೆ ಪರಕೀಯ, ಕಥೆ ಉಳಿದಲ್ಲಿ ಭಾಷೆ ಪರಕೀಯ. ಸ್ವಾತಂತ್ರ್ಯ ಬಂದು ಇಪ್ಪತ್ತು ವರ್ಷ ತುಂಬುತ್ತಿದ್ದ ದಿನಗಳಲ್ಲಿ ನಗರದ ಮಧ್ಯಮವರ್ಗದ ಮನೆಗಳು ಸಿಲುಕಿದ್ದ ಇಕ್ಕಟ್ಟನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ನಿದರ್ಶನ ಸಿಗದು.

ಪೈಯವರೇ ಹೇಳಿಕೊಳ್ಳುತ್ತಿದ್ದ ಇನ್ನೊಂದು ಪ್ರಸಂಗವೂ ಈ ಇಕ್ಕಟ್ಟಿನದೇ. 1967ರಲ್ಲಿ ದೂರದರ್ಶನವಿದ್ದುದು ದೆಹಲಿಯಲ್ಲಿ ಮಾತ್ರ. ಅಲ್ಲಿಗೆ ಹೋಗಿದ್ದಾಗ ಅಂಗಡಿಯೊಂದರಲ್ಲಿ ವಿದ್ಯಾರ್ಥಿಗಳ ರಸಪ್ರಶ್ನೆ ಕಾರ್ಯಕ್ರಮವೊಂದು ಅವರ ಕಣ್ಣಿಗೆ ಬಿದ್ದಿತು. ಗ್ರೀಕ್ ದೇವತೆಗಳ ಬಗೆಗೆ ಥಟ್ಟನೆ ಉತ್ತರ ಕೊಟ್ಟ ವಿದ್ಯಾರ್ಥಿಗಳು, ಶ್ರೀರಾಮನ ತಾಯಿ ಯಾರೆಂದು ಕೇಳಿದಾಗ ಬೆಬ್ಬೆಬ್ಬೆ ಎಂದರು. ಕೌಸಲ್ಯೆಯ ಹೆಸರು ಹೇಳಲು ಬಾರದ ಮಕ್ಕಳು ದಡ್ಡರಲ್ಲ. ಅವರಿಗೆ ಹೇಳಿಕೊಡುವವರು ಇರಲಿಲ್ಲ. ಅಜ್ಜ ಅಜ್ಜಿಯರು ಹಳ್ಳಿಯಲ್ಲಿ, ಮಗ ಸೊಸೆ ನೌಕರಿಯ ಊರಿನಲ್ಲಿ. ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ರಾತ್ರಿ ಊಟದ ಬಳಿಕ ಕಥೆ ಹೇಳುವ ಬಾಯಿ ಯಾವುದು? ಆ ಬರಿದಾದ ಜಾಗದಲ್ಲಿ ಒಂದು ಪುಸ್ತಕವನ್ನಿಡಬೇಕೆಂದು ಪೈಯವರು ಸಂಕಲ್ಪಿಸಿದರು. ಭದ್ರವಾದ ಉದ್ಯೋಗವನ್ನು ತೊರೆದು ಹೊಸ ಕೆಲಸಕ್ಕೆ ಕೈಹಾಕಿದರು.

ಆರಂಭ ಹೂವಿನ ಹಾಸಿಗೆಯಾಗಿರಲಿಲ್ಲ. ಚಿತ್ರಕಥೆಯೆಂದರೆ ಮಕ್ಕಳನ್ನು ಕೆಡಿಸುವ ವಸ್ತುವೆಂದು ಮೇಷ್ಟರುಗಳೂ ತಾಯಂದಿರೂ ನಂಬಿದ್ದ ಕಾಲ. ಪಠ್ಯಪುಸ್ತಕದೊಳಗೆ ಬಚ್ಚಿಟ್ಟು ಓದಬೇಕಾದ, ಸಿಕ್ಕಿಬಿದ್ದರೆ ಬೆತ್ತದ ರುಚಿ ನೋಡಬೇಕಾದ ಪದಾರ್ಥ ಅದು. ಪುಸ್ತಕದಂಗಡಿಯವರು ಮುಂಭಾಗದಲ್ಲಿಡಲು ಒಪ್ಪದಿದ್ದಾಗ ಪೈಯವರೇ ಅಂಗಡಿಯಿಂದಂಗಡಿಗೆ ತಿರುಗಿದರು. ಚಿತ್ರಕಥೆಯನ್ನು ತರಗತಿಯೊಳಗೆ ತರಬಹುದೆಂದು ಶಿಕ್ಷಣತಜ್ಞರಿಗೆ ಮನಗಾಣಿಸಲು ಶ್ರಮಿಸಿದರು. 1978ರಲ್ಲಿ ದೆಹಲಿಯಲ್ಲಿ ಈ ವಿಷಯಕ್ಕಾಗಿಯೇ ಒಂದು ವಿಚಾರಸಂಕಿರಣ ನಡೆಯುವಷ್ಟರ ಮಟ್ಟಿಗೆ ಕಾಲ ಬದಲಾಗಿತ್ತು. ಬೆತ್ತದ ಭಯದಿಂದ ಬಚ್ಚಿಡುತ್ತಿದ್ದ ಪುಸ್ತಕ ಬಹುಮಾನ ವಿತರಣೆಯ ಮೇಜನ್ನೇರಿತು.

32 ಪುಟಗಳೊಳಗೆ ಒಂದು ಮಹಾಜೀವನವನ್ನು ಅಡಗಿಸುವುದು ಎಂಥ ಕಷ್ಟವೆಂಬುದನ್ನು ಓದುಗ ಮಗು ಅರಿಯದು. ಮೊದಲು ಕಥೆಯನ್ನು ಚೌಕಗಳಾಗಿ ಒಡೆಯಬೇಕು. ಯಾವ ಕ್ಷಣವನ್ನು ತೋರಿಸುವುದು, ಯಾವುದನ್ನು ಎರಡು ಚೌಕಗಳ ನಡುವಿನ ಬಿಳಿಯ ಗೆರೆಗೆ ಬಿಟ್ಟುಕೊಡುವುದು ಎಂದು ನಿರ್ಧರಿಸಬೇಕು. ಸೀಸದಕಡ್ಡಿಯ ಚಿತ್ರದ ಮೇಲೆ ಮಸಿ, ಮಸಿಯ ಮೇಲೆ ಬಣ್ಣ. ಕಿರೀಟ, ಆಯುಧ, ಉಡುಗೆಗಳು ಆಯಾ ಕಾಲಕ್ಕೆ ತಕ್ಕಂತಿರಬೇಕು. ಕೊನೆಗೆ ಪಾತ್ರಗಳ ಬಾಯಿಂದ ಹೊರಟ ಬುಗ್ಗೆಗಳೊಳಗೆ ಮಾತು ತುಂಬಬೇಕು. ಚಿತ್ರ ಒಂದೇ, ಬುಗ್ಗೆಯೊಳಗಣ ಮಾತು ಬದಲಾದರೆ ಭಾಷೆ ಬದಲಾಯಿತು. ಈ ಉಪಾಯದಿಂದಲೇ ಮಾಲೆ ಭಾರತದ ಹಲವು ಭಾಷೆಗಳಿಗೆ ಹಬ್ಬಿತು; ಕನ್ನಡಕ್ಕೂ ಮರಳಿ ಬಂದಿತು, ಈ ಬಾರಿ ಕೃಷ್ಣನನ್ನೂ ಕರೆದುಕೊಂಡು. ಮೂರು ದಿಕ್ಕಿನಲ್ಲಿ ಆಂಧ್ರದ ನೆಲ ಆವರಿಸಿರುವ ಪಾವಗಡದಂಥ ಊರಿನವರಿಗೆ ಈ ವ್ಯವಸ್ಥೆಯ ಮರ್ಮ ಬೇಗ ತಿಳಿಯುತ್ತದೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುವ ಮಗುವಿಗೆ ತೆನಾಲಿ ರಾಮಕೃಷ್ಣ ಯಾವ ಭಾಷೆಯವನೆಂದು ಯಾರು ಹೇಳಬೇಕು? ಚಿತ್ರದೊಳಗಿನ ಅವನ ತುಂಟ ನಗೆಗೆ ಗಡಿಯೇ ಇಲ್ಲ.

ಚಿತ್ರಗಳನ್ನು ಬರೆದವರ ಹೆಸರುಗಳನ್ನೂ ಇಲ್ಲಿ ನೆನೆಯಬೇಕು. ಕೃಷ್ಣನ ಕಥೆಯನ್ನು ಪೈಯವರು ಬರೆದರೆ, ಕೃಷ್ಣನಿಗೆ ರೂಪ ಕೊಟ್ಟವರು ರಾಮ್ ವಾಯೀರ್‌ಕರ್. ಪ್ರತಾಪ್ ಮುಳೀಕ್, ದಿಲೀಪ್ ಕದಂ, ಯೂಸುಫ್ ಬೆಂಗಳೂರ್‌ವಾಲಾ ಮುಂತಾದವರ ಕುಂಚಗಳು ಒಂದು ಪೀಳಿಗೆಯ ಕಲ್ಪನೆಯಲ್ಲಿ ದೇವತೆಗಳಿಗೂ ಅರಸರಿಗೂ ಮುಖ ಬರೆದುವು. ಕಮಲಾ ಚಂದ್ರಕಾಂತ್, ಲೂಯಿಸ್ ಫರ್ನಾಂಡಿಸ್, ಸುಬ್ಬರಾವ್ ಮೊದಲಾದವರು ಕಥೆಗಳನ್ನು ಹದಗೊಳಿಸಿದರು. ಜಪಾನಿನಲ್ಲಿ ಮಾಂಗಾ ಬರೆದವನ ಹೆಸರು ಮುಖಪುಟದಲ್ಲಿ ಮೆರೆಯುತ್ತದೆ. ಮಕ್ಕಳು ಅವನನ್ನು ಹೆಸರಿಡಿದು ಆರಾಧಿಸುತ್ತಾರೆ. ನಮ್ಮಲ್ಲಿ ಆ ಕಲಾವಿದರ ಹೆಸರು ಒಳಪುಟದ ಮೂಲೆಯಲ್ಲಿ ಸಣ್ಣಕ್ಷರಗಳಲ್ಲಿ ಉಳಿಯಿತು. ಲೇಪಾಕ್ಷಿಯ ಮೇಲ್ಛಾವಣಿಯಲ್ಲಿ ಬಣ್ಣ ತುಂಬಿದವರನ್ನು ಯಾರು ಹೆಸರಿಡಿದು ನೆನೆಯುತ್ತಾರೆ? ಚಿತ್ರವನ್ನು ಪೂಜಿಸಿ ಚಿತ್ರಕಾರನನ್ನು ಮರೆಯುವುದು ನಮ್ಮ ಹಳೆಯ ರೂಢಿ.

ಈ ಮಾಲೆಯ ಬಗೆಗೆ ಆಕ್ಷೇಪಗಳೂ ಬಂದುವು, ಅವು ನಿರಾಧಾರವಾಗಿರಲಿಲ್ಲ. ನಾಯಕರೆಲ್ಲ ಗೌರವರ್ಣದವರು, ರಾಕ್ಷಸರೆಲ್ಲ ಕಪ್ಪಗೆ ದಪ್ಪಗೆ. ಹೆಣ್ಣು ಎಂದರೆ ತ್ಯಾಗದ ಪುತ್ಥಳಿ. ಪುರಾಣಕ್ಕೂ ಅರಮನೆಗೂ ದೊರೆತ ಪುಟಗಳು ದುಡಿಯುವವರ ಬದುಕಿಗೆ ದೊರೆಯಲಿಲ್ಲ—ವಿದ್ವಾಂಸರು ಹೀಗೆ ಎಣಿಸಿದರು. ಕೆಲವನ್ನು ತಿದ್ದಿಕೊಳ್ಳುವ ಯತ್ನವೂ ನಡೆಯಿತೆನ್ನಬೇಕು. ಪೋರ್ಚುಗೀಸರನ್ನೆದುರಿಸಿದ ಉಳ್ಳಾಲದ ರಾಣಿ ಅಬ್ಬಕ್ಕ ಪೈಯವರ ಸ್ವಂತ ಕರಾವಳಿಯಿಂದ ಎದ್ದು ಬಂದು ಮಾಲೆಯಲ್ಲಿ ಸೇರಿದಳು. 1979ರಲ್ಲಿ ಬಾಬಾಸಾಹೇಬ ಅಂಬೇಡ್ಕರರ ಜೀವನವೂ ಚಿತ್ರಕಥೆಯಾಯಿತು. ಕೆರೆಯ ನೀರು ಮುಟ್ಟಲು ಹಕ್ಕಿಲ್ಲದ ಬಾಲಕನ ಕಥೆಯನ್ನು, ಆ ಕೆರೆಯ ನೀರನ್ನು ಎಂದೂ ಯೋಚಿಸದೆ ಕುಡಿದ ಮನೆಗಳ ಮಕ್ಕಳೂ ಓದಿದರು. ಅದು ಸಣ್ಣ ಕೆಲಸವಲ್ಲ.

ಎಲ್ಲಕ್ಕಿಂತ ಆಳವಾದ ಆಕ್ಷೇಪ ಬೇರೊಂದಿದೆ. ತೊಗಲುಬೊಂಬೆಯವನ ರಾಮಾಯಣ ಊರಿಂದೂರಿಗೆ ಬದಲಾಗುತ್ತಿತ್ತು. ಒಂದೂರಿನಲ್ಲಿ ಸೀತೆಯ ಅಳಲು ಹಿಗ್ಗಿದರೆ, ಇನ್ನೊಂದೂರಿನಲ್ಲಿ ಕಿಳ್ಳೇಕ್ಯಾತನ ಹಾಸ್ಯವೇ ಅರ್ಧರಾತ್ರಿಯವರೆಗೆ ಎಳೆಯುತ್ತಿತ್ತು. ಶಾನುಭೋಗನ ಕೊಂಕನ್ನೂ ಗೌಡನ ಜಿಪುಣತನವನ್ನೂ ಕಥೆಯೊಳಗೆ ಎಳೆದು ತರುವ ಸ್ವಾತಂತ್ರ್ಯ ಅವನಿಗಿತ್ತು. ಅಜ್ಜಿಯರ ಕಥೆಯೂ ಹಾಗೆಯೆ. ಮಗು ಅಂಜಿದರೆ ರಾಕ್ಷಸ ಕುಗ್ಗುತ್ತಿದ್ದ, ಊಟ ಮಾಡದೆ ಹಟ ಹಿಡಿದರೆ ಹಿಗ್ಗುತ್ತಿದ್ದ. ಮುದ್ರಿತ ಪುಸ್ತಕದಲ್ಲಿ ಈ ಹಿಗ್ಗುವಿಕೆ ಕುಗ್ಗುವಿಕೆಗಳಿಗೆ ಎಡೆಯಿಲ್ಲ. ಶಿರಾದ ಮಗುವಿಗೂ ಶ್ರೀನಗರದ ಮಗುವಿಗೂ ಅದೇ ರಾಮ, ಅದೇ ನಗೆ, ಅದೇ ಬಿಲ್ಲು. ಕಥೆಯೇ ಇಲ್ಲದೆ ಒಣಗುತ್ತಿದ್ದ ಮನೆಗೆ ಪೈಯವರು ನೀರು ತಂದರು, ನಿಜ. ಆದರೆ ನಲ್ಲಿಯ ನೀರಿಗೆ ಊರೂರ ಬಾವಿಯ ರುಚಿ ಇರುವುದಿಲ್ಲವೆಂಬುದೂ ನಿಜ. ಈ ಎರಡು ನಿಜಗಳನ್ನೂ ಒಟ್ಟಿಗೆ ನೆನಪಿಡುವುದೇ ಅವರಿಗೆ ಸಲ್ಲಿಸಬಹುದಾದ ನ್ಯಾಯ. ಬಾಯಾರಿದವನು ಮೊದಲು ಕೇಳುವುದು ನೀರನ್ನು, ರುಚಿಯನ್ನಲ್ಲವಷ್ಟೆ.

1980ರಲ್ಲಿ ಪೈಯವರು ‘ಟಿಂಕಲ್’ ಎಂಬ ಮಕ್ಕಳ ಪತ್ರಿಕೆಯನ್ನು ಆರಂಭಿಸಿದರು. ಕಾಲು ಶತಮಾನದ ಹಿಂದೆ ‘ಮಾನವ್’ ಕಲಿಸಿದ ಕಹಿಪಾಠಕ್ಕೆ ಇದು ಉತ್ತರವೆಂಬಂತಿತ್ತು. ಇಲ್ಲಿ ದೇವರೂ ರಾಜರೂ ಹಿಂದೆ ಸರಿದು, ಹೇಳಿದ್ದನ್ನು ಅಕ್ಷರಶಃ ಪಾಲಿಸಿ ಎಡವಟ್ಟು ಮಾಡುವ ಸುಪ್ಪಾಂಡಿಯೂ, ಹುಲಿಗೆ ಹೆದರಿ ಓಡುತ್ತಲೇ ಶೂರನೆನಿಸಿಕೊಳ್ಳುವ ಶಿಕಾರಿ ಶಂಭುವೂ ಬಂದು ಕುಳಿತರು. ಮಕ್ಕಳು ತಾವು ಕೇಳಿದ ಕಥೆಗಳನ್ನು ಬರೆದು ಕಳುಹಿಸಬಹುದಾಗಿತ್ತು. ದೇಶದ ಮೂಲೆಮೂಲೆಯಿಂದ ‘ಅಂಕಲ್ ಪೈ’ ಎಂಬ ಒಕ್ಕಣೆಯ ಕಾಗದಗಳು ಬರತೊಡಗಿದುವು. ಮಾಮ ಎಂದು ಕರೆಯಲು ರಕ್ತಸಂಬಂಧ ಬೇಕಿಲ್ಲವೆಂಬುದನ್ನು ನಮ್ಮ ಹಳ್ಳಿಯವರು ಬಲ್ಲರು. ಮಹಾನಗರಗಳ ಮಕ್ಕಳೂ ಅದನ್ನು ಹೀಗೆ ಕಲಿತರು.

ದೂರದರ್ಶನ ಮನೆಮನೆಗೆ ಬಂದಾಗ ಪುಸ್ತಕದ ಮಾರಾಟಕ್ಕೆ ಏಟು ಬಿದ್ದಿತು. ದೂರದರ್ಶನದ ಮುಂದೆ ಮಕ್ಕಳು ಕಥೆ ಮರೆತುದನ್ನು ಕಂಡು ಹುಟ್ಟಿದ ಮಾಲೆಯನ್ನು, ದೂರದರ್ಶನದ ರಾಮಾಯಣ ಮಹಾಭಾರತಗಳೇ ಹಿಂದಿಕ್ಕಿದುದು ಕಾಲದ ಒಂದು ವಿನೋದ. 400ಕ್ಕೂ ಮಿಕ್ಕ ಪುಸ್ತಕಗಳ ಬಳಿಕ, 1991ರಲ್ಲಿ ಹೊಸ ಕಥೆಗಳ ಪ್ರಕಟಣೆ ನಿಂತಿತು. ಹಳೆಯವು ಮರುಮುದ್ರಣವಾಗುತ್ತಲೇ ಇದ್ದುವು. 2007ರಲ್ಲಿ ಮಾಲೆಯ ಒಡೆತನ ಹೊಸ ಕೈಗಳಿಗೆ ಹೋಯಿತು. 2011ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ನಡೆದ ಭಾರತದ ಮೊದಲ ಕಾಮಿಕ್ಸ್ ಸಮ್ಮೇಳನ ಅವರ ಜೀವಮಾನದ ಸಾಧನೆಯನ್ನು ಗೌರವಿಸಿತು. ಅದಾದ ಕೆಲವೇ ದಿನಗಳಲ್ಲಿ, ಫೆಬ್ರವರಿ 24ರಂದು, ಪೈಯವರು ಮುಂಬಯಿಯಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಆಗ ಅವರಿಗೆ 81 ವರ್ಷ.

ಇಂದು ಮಧುಗಿರಿ, ಕೊರಟಗೆರೆಗಳ ಮನೆಗಳಿಗೆ ಬೇಸಗೆ ರಜೆಗೆಂದು ಬೆಂಗಳೂರಿನಿಂದ ಬರುವ ಮೊಮ್ಮಕ್ಕಳ ಕೈಯಲ್ಲಿ ಮೊಬೈಲ್ ಫೋನ್ ಇದೆ. ಅದರೊಳಗೆ ಜಪಾನಿನ ಮಾಂಗಾ ಕಥೆಗಳಿಂದ ಹುಟ್ಟಿದ ಚಲಚಿತ್ರಗಳಿವೆ. ಆ ಹೆಸರುಗಳು ಮಕ್ಕಳ ನಾಲಿಗೆಯ ತುದಿಯಲ್ಲಿವೆ. ಅದನ್ನು ಕಂಡು ಹಿರಿಯರು ಗದರಬೇಕಾಗಿಲ್ಲ. ತೆಜುಕಾ ಬುದ್ಧನನ್ನು ತನ್ನವನೆಂದುಕೊಂಡಂತೆ ನಮ್ಮ ಮಕ್ಕಳು ಜಪಾನಿನ ವೀರರನ್ನು ತಮ್ಮವರೆಂದುಕೊಂಡರೆ ನಷ್ಟವೇನು? ಹೊರಗಿನ ಕಥೆ ಬಂದದ್ದರಿಂದ ಯಾವ ಮನೆಯೂ ಬಡವಾಗಿಲ್ಲ. ಒಳಗಿನ ಕಥೆ ನಿಂತದ್ದರಿಂದ ಬಡವಾಗಿದೆ. ದೆಹಲಿಯ ಆ ವಿದ್ಯಾರ್ಥಿಗಳಿಗೆ ಗ್ರೀಕ್ ದೇವತೆಗಳು ಗೊತ್ತಿದ್ದುದು ತಪ್ಪಾಗಿರಲಿಲ್ಲ, ಕೌಸಲ್ಯೆ ಗೊತ್ತಿಲ್ಲದಿದ್ದುದು ಕೊರತೆಯಾಗಿತ್ತು.

ಆ ಕೊರತೆಯನ್ನು ತುಂಬಲು ಅನಂತ ಪೈಯವರು ಒಂದು ಬಾಳನ್ನೇ ಸವೆಸಿದರು. ಆದರೆ ಪುಸ್ತಕ ಮಾಡಬಲ್ಲ ಕೆಲಸಕ್ಕೆ ಮಿತಿಯುಂಟು. ಕೊನೆಯ ಚೌಕ ಮುಗಿದ ಮೇಲೆ “ಆಮೇಲೆ ಏನಾಯಿತು?” ಎಂದು ಮಗು ಕೇಳಿದರೆ ಕಾಗದ ಉತ್ತರಿಸಲಾರದು. ಅಲ್ಲಿಂದ ಮುಂದಕ್ಕೆ ಕಥೆಯನ್ನು ಎತ್ತಿಕೊಳ್ಳಬೇಕಾದವರು ಪಕ್ಕದಲ್ಲಿ ಕುಳಿತಿರುವ ತಾಯಿಯೋ ತಂದೆಯೋ ಅಜ್ಜಿಯೋ. ಒಂದರಿಂದ ಹತ್ತರವರೆಗಿನ ಕಥೆಗಳನ್ನು ಮನೆಯವರೇ ಹೇಳಿ ಮುಗಿಸಿದರೆ, ಹನ್ನೊಂದನೆಯದನ್ನು ಮಗು ತಾನೇ ಓದಿಕೊಳ್ಳುತ್ತದೆ.